ನಿಸರ್ಗಳ ರಿಲೀಸು

ನಮ್ಮ ಪಕ್ಕದ ಮನೆಯ ರೇಣುಕಪ್ರಸಾದ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಕೇಳಿದರೆ ನಿಮಗೆ ಅನುಮಾನ ಬರಬಹುದು. ತಿಪಟೂರಿನಲ್ಲಿ ಅವನದು ಹಗ್ಗದ ಅಂಗಡಿ. ನಾರಿನ ಹಗ್ಗ, ನೈಲಾನ್ ಹಗ್ಗ, ದನದ ಕಣ್ಣಿ, ಬಾವಿ ಹಗ್ಗ, ಏನು ಬೇಕಾದರೂ ಸಿಗುತ್ತದೆ. ಹಗ್ಗ ಕಟ್ಟುವುದು ಹೇಗೆ ಎಂದು ಯಾರಾದರೂ ಕೇಳಿದರೆ ಗಿರಾಕಿಯನ್ನು ಕೂರಿಸಿಕೊಂಡು ಪಾಠ ಮಾಡುತ್ತಾನೆ. ಬಿಚ್ಚುವುದು ಹೇಗೆ ಎಂದು ಮಾತ್ರ ಅವನನ್ನು ಯಾರೂ ಕೇಳಿರಲಿಲ್ಲ. ಆ ಪ್ರಶ್ನೆ ಅವನಿಗೆ ತಲೆ ನರೆತ ಮೇಲೆ ಎದುರಾಯಿತು, ಅದೂ ಆಕಾಶದಲ್ಲಿ.

ಮೊಬೈಲಿನಲ್ಲಿ ಏನೋ ನೋಡಿ ನೋಡಿ ಅವನಿಗೆ ರಿಮೋಟಿನಲ್ಲಿ ಹಾರಿಸುವ ವಿಮಾನದ ಹುಚ್ಚು ಹಿಡಿಯಿತು. ಸಣ್ಣಪುಟ್ಟದ್ದಲ್ಲ. ರೆಕ್ಕೆ ಜೋಡಿಸಿದರೆ ನಮ್ಮಿಬ್ಬರ ಮನೆ ಮಧ್ಯದ ಓಣಿಯಲ್ಲಿ ಅಡ್ಡ ಹಿಡಿಸದಷ್ಟು ದೊಡ್ಡದು. ಅದಕ್ಕೆ ಎಂಜಿನ್ನೇ ಇಲ್ಲ. ಗ್ಲೈಡರ್ ಅಂತೆ, ಹದ್ದಿನ ಹಾಗೆ ಗಾಳಿಯ ಮೇಲೆ ತೇಲುವಂಥದ್ದು. ಹೊಗೆ ಇಲ್ಲ, ಸದ್ದಿಲ್ಲ ಎಂದು ಅದಕ್ಕೆ ‘ನಿಸರ್ಗ’ ಎಂದು ಹೆಸರಿಟ್ಟ. ಎರಡು ವರ್ಷ ಅಟ್ಟದ ಮೇಲೆ ಕೂತು, ತೆಳು ಹಲಗೆ ಕೊಯ್ದು, ಅಂಟು ಹಾಕಿ, ಬಿಳಿ ಹಾಳೆ ಹೊದಿಸಿ ಅವಳನ್ನು ಬೆಳೆಸಿದ. ಹೆಂಡತಿ ಭಾನುಪ್ರಿಯಾ ಊಟಕ್ಕೆ ಕರೆದರೆ “ಅಂಟು ಒಣಗ್ಲಿ” ಎನ್ನುತ್ತಿದ್ದ. ಅಂಟು ಒಣಗುವಷ್ಟರಲ್ಲಿ ಸಾರು ಆರಿರುತ್ತಿತ್ತು.

ಎಂಜಿನ್ ಇಲ್ಲದ್ದು ತಾನಾಗಿ ಮೇಲೇಳುವುದಿಲ್ಲವಲ್ಲ. ಎಂಜಿನ್ ಇರುವ ಇನ್ನೊಂದು ವಿಮಾನ ಹಗ್ಗ ಕಟ್ಟಿ ಎಳೆದುಕೊಂಡು ಹೋಗಬೇಕು. ಆ ಕೆಲಸಕ್ಕೆ ಭಾನುಪ್ರಿಯಾಳ ತಮ್ಮ ತಿಲಕ್ ಸಿಕ್ಕಿದ. ಚಿಕ್ಕನಾಯಕನಹಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಅವನ ಹತ್ತಿರ ಪೆಟ್ರೋಲಿನ ಒಂದು ಗಟ್ಟಿ ವಿಮಾನವಿತ್ತು. ಸಾಕಷ್ಟು ಎತ್ತರಕ್ಕೆ ಹೋದ ಮೇಲೆ ಹಗ್ಗ ಕಳಚಿಕೊಳ್ಳಬೇಕು. ಅದಕ್ಕೆ ನಿಸರ್ಗಳ ಮೂತಿಯಲ್ಲಿ ಒಂದು ಕೊಂಡಿ. ಅಡ್ಡಕ್ಕೊಂದು ಉಕ್ಕಿನ ಕಡ್ಡಿ, ಕಡ್ಡಿಗೆ ಸಿಕ್ಕಿಸಿದ ಹಗ್ಗದ ಕುಣಿಕೆ. ಕೆಳಗೆ ನಿಂತವನು ರಿಮೋಟಿನ ಸ್ವಿಚ್ ಒತ್ತಿದರೆ ಒಳಗಿನ ಪುಟ್ಟ ಮೋಟರು ಕಡ್ಡಿಯನ್ನು ಹಿಂದಕ್ಕೆ ಎಳೆಯುತ್ತದೆ, ಕುಣಿಕೆ ಜಾರುತ್ತದೆ, ನಿಸರ್ಗ ಸ್ವತಂತ್ರಳು. ಇಷ್ಟೇ. ನನ್ನಂಥ ರಿಟೈರ್ಡ್ ಬಸ್ ಕಂಡಕ್ಟರಿಗೂ ಅರ್ಥವಾಯಿತು.

ಎಳೆಯುವ ವಿಮಾನದ ಬಾಲದಲ್ಲೂ ಇಂಥದೇ ಒಂದು ಕೊಂಡಿ ಇರಲಿ, ಒಂದು ಕೈಕೊಟ್ಟರೆ ಇನ್ನೊಂದು ಇರುತ್ತದೆ ಎಂದು ತಿಲಕ್ ಹೇಳಿದ. ಹಗ್ಗದ ವ್ಯಾಪಾರಿ ಒಪ್ಪಬೇಕಲ್ಲ!

“ಎರಡೂ ಕಡೆ ಬುಟ್ರೆ ಹಗ್ಗ ಯಾರ ತೋಟದಾಗೆ ಬೀಳ್ತದೋ ಏನೋ! ಒಳ್ಳೆ ನೈಲಾನ್ ಕಣ್ಲಾ ಅದು,” ಎಂದು ತಿಲಕನ ವಿಮಾನದ ಬಾಲಕ್ಕೆ ತಾನೇ ಕೈಯಾರ ಗಂಟು ಹಾಕಿದ. ಅವನು ಹಾಕಿದ ಗಂಟನ್ನು ಬಿಚ್ಚಿದವರು ಈ ತಾಲ್ಲೂಕಿನಲ್ಲಿಲ್ಲ.

ಮೊದಲ ಪರೀಕ್ಷೆ ಅರಳಗುಪ್ಪೆ ಕಡೆಯ ಹುಚ್ಚಣ್ಣನ ಹೊಲದಲ್ಲಿ. ರಾಗಿ ಕೊಯ್ದು ಬರೀ ಕೂಳೆ ನಿಂತಿತ್ತು. ಎರಡು ವಿಮಾನವೂ ಚೆನ್ನಾಗಿಯೇ ಎದ್ದವು. ಆಗ ರೇಣುಕಪ್ರಸಾದ, “ಎಡಗಡೆ ರೆಕ್ಕೆ ಯಾಕೋ ನಡುಗ್ತೈತೆ ಕಣ್ಲಾ ತಿಲಕ,” ಎಂದ.

ಎತ್ತರ ಸಾಕಾಗಿತ್ತು. ಹಗ್ಗ ಬಿಡಲಿ ಎಂದು ತಿಲಕ್, “ಬುಡು ಭಾವ!” ಎಂದ.

“ಬುಡೋದೆಂಗ್ಲಾ? ಅಷ್ಟು ನಡುಗ್ತೈತೆ!”

“ಅಯ್ಯೋ, ಬುಡು ಅಂದ್ರೆ ಬುಡು ಭಾವ!”

“ಸರಿ, ನೀನೇ ಹೇಳ್ತೀಯ, ಬುಟ್ಟೆ,” ಎಂದ ರೇಣುಕಪ್ರಸಾದ ನಡುಕದ ಚಿಂತೆಯನ್ನು ಅಲ್ಲಿಗೆ ಬಿಟ್ಟುಬಿಟ್ಟ. ಹಗ್ಗ ಬಿಡಲಿಲ್ಲ. ಎರಡು ವಿಮಾನಗಳೂ ಜೊತೆಯಾಗಿ ಹೋಗಿ ಹುಚ್ಚಣ್ಣನ ತೆಂಗಿನ ಮರವೊಂದಕ್ಕೆ ಸುತ್ತಿಕೊಂಡು, ಆ ಕಡೆ ಒಂದು ಈ ಕಡೆ ಒಂದು ಜೋತಾಡಿದವು. ಪುಣ್ಯಕ್ಕೆ ಹೆಚ್ಚು ಏಟಾಗಿರಲಿಲ್ಲ. ಮರ ಹತ್ತುವವನನ್ನು ಕರೆಸಿ ಇಳಿಸಿದರು. ಅವನು ಮೇಲಿಂದ ಕೇಳಿದ್ದು ಒಂದೇ ಮಾತು: “ಇದು ಎಷ್ಟು ದಿನದ ಕಾಯಿ ಸಾಮಿ?”

ಸುದ್ದಿ ಮನೆಗೆ ಬಂತು. ಮನೆಯಲ್ಲಿ ರೇಣುಕಪ್ರಸಾದನ ತಾಯಿ ಸಿದ್ದಗಂಗಮ್ಮನವರಿದ್ದಾರೆ. ಮನೆ ಅವರದು, ತೋಟ ಅವರದು, ಅಟ್ಟವಂತೂ ಸಂಪೂರ್ಣವಾಗಿ ಅವರದು. ನಮ್ಮ ಕಡೆ ಅಟ್ಟವೆಂದರೆ ಸಾಮಾನ್ಯ ಜಾಗವಲ್ಲ. ಕಾಯಿಯನ್ನು ಅಲ್ಲಿ ಹರಡಿ ಹತ್ತು ಹನ್ನೊಂದು ತಿಂಗಳು ಮುಟ್ಟದೆ ಬಿಟ್ಟರೆ ಒಳಗೇ ಒಣಗಿ ಉಂಡೆ ಕೊಬ್ಬರಿಯಾಗುತ್ತದೆ. ಎರಡು ವರ್ಷದಿಂದ ಆ ಜಾಗದಲ್ಲಿ ನಿಸರ್ಗ ಮಲಗಿದ್ದಳು.

“ಅಟ್ಟ ಇರೋದು ಕಾಯಿಗೆ ಕಣ್ಲಾ, ಹದ್ದಿಗಲ್ಲ,” ಎಂದರು ಸಿದ್ದಗಂಗಮ್ಮ. “ಎರಡು ವರ್ಸ ಹಸಿಕಾಯಿ ಮಾರಿ ಮಾನ ಕಳ್ಕಂಡಿದೀನಿ. ತಿಪಟೂರಾಗಿದ್ದು ಮನೇಲಿ ಕೊಬ್ಬರಿ ಇಲ್ಲ ಅಂದ್ರೆ ನಂಟ್ರಿಗೆ ಏನಂತ ಮುಖ ತೋರಿಸ್ಲಿ? ಸಂಕ್ರಾಂತಿಗೆ ಮುಂಚೆ ನಮ್ಮಣ್ಣಯ್ಯ ಬಂದು ನೋಡ್ಲಿ. ಅವನು ಸೈ ಅಂದ್ರೆ ಇಟ್ಕೋ. ಇಲ್ಲಾಂದ್ರೆ ಅಟ್ಟಕ್ಕೆ ಕಾಯಿ, ನಿನ್ನ ಹದ್ದು ನೀರೊಲೆಗೆ.”

ರೇಣುಕಪ್ರಸಾದನ ಮುಖ ಸುಣ್ಣವಾಯಿತು. ತೆಳು ಹಲಗೆ ನೀರೊಲೆಯಲ್ಲಿ ಎಷ್ಟು ಚೆನ್ನಾಗಿ ಉರಿಯುತ್ತದೆ ಎಂದು ಅವನಷ್ಟು ಬಲ್ಲವರು ಯಾರು?

ಅಣ್ಣಯ್ಯ ಎಂದರೆ ದಬ್ಬೇಘಟ್ಟದ ಸದಾಶಿವಯ್ಯನವರು. ಸುತ್ತಮುತ್ತ ‘ಅಧ್ಯಕ್ಷರು’ ಎಂದರೆ ಅವರೇ. ಯಾವುದರ ಅಧ್ಯಕ್ಷರು ಎಂದು ಕೇಳುವ ಧೈರ್ಯ ಯಾರಿಗೂ ಇಲ್ಲ. ಒಂದೆರಡು ಸಂಘಗಳು ಮುಚ್ಚಿಹೋದ ಮೇಲೂ ಅವರು ಅವುಗಳ ಅಧ್ಯಕ್ಷರಾಗಿ ಮುಂದುವರಿದಿದ್ದಾರೆ. ಹಿಡಿದದ್ದನ್ನು ಬಿಟ್ಟ ಚರಿತ್ರೆ ಅವರಿಗಿಲ್ಲ. ಬಿಡುವ ಯಂತ್ರದ ಪರೀಕ್ಷೆಗೆ ಅವರೇ ತೀರ್ಪುಗಾರರು, ನೋಡಿ!

ಬುಡು ಎಂಬ ಮಾತನ್ನು ಇನ್ನು ನಂಬುವಂತಿಲ್ಲ ಎಂದು ಭಾವ-ಭಾವಮೈದುನ ತೀರ್ಮಾನಿಸಿದರು. ನಾನು ಅನುಭವದ ಮಾತು ಹೇಳಿದೆ: “ರೈಟ್ ಅನ್ನಿ. ನನ್ನ ಸರ್ವೀಸಿನಲ್ಲಿ ರೈಟ್ ಅಂದರೆ ರೈಟ್, ಹೋಲ್ಡಾನ್ ಅಂದರೆ ಹೋಲ್ಡಾನ್. ಒಬ್ಬ ಡ್ರೈವರೂ ಕನ್‌ಫ್ಯೂಸ್ ಆಗಿಲ್ಲ.”

“ರೈಟ್ ಅಂದ್ರೆ ಬಲಗಡೆ ತಿರುಗಿಸ್ಬುಡ್ತೀನಿ ಕಂಡಕ್ಟ್ರೇ,” ಎಂದ ರೇಣುಕಪ್ರಸಾದ. ಇಂಥವನಿಗೆ ನಾನು ಬುದ್ಧಿ ಹೇಳಹೊರಟೆನಲ್ಲ! ಕೊನೆಗೆ ‘ರಿಲೀಸ್’ ಎಂಬ ಪದ ನಿಕ್ಕಿಯಾಯಿತು. ಅಲ್ಲಿಂದ ಶುರುವಾಯಿತು ಗ್ರಹಚಾರ.

ಫೋನಿನಲ್ಲಿ ಕೂಗದಿದ್ದರೆ ಚಿಕ್ಕನಾಯಕನಹಳ್ಳಿಗೆ ಕೇಳುವುದಿಲ್ಲ ಎಂದು ರೇಣುಕಪ್ರಸಾದನ ನಂಬಿಕೆ. ಜಗಲಿಯ ಮೇಲೆ ನಿಂತು ಕೂಗಿದ: “ನೋಡ್ಲಾ ತಿಲಕ, ಭಾನುವಾರ ಬೆಳಿಗ್ಗೆ ಹುಚ್ಚಣ್ಣನ ಹೊಲದಾಗೆ ರಿಲೀಸು! ನಿಸರ್ಗನ ನೀನು ಎಳ್ಕಂಡು ಹೋಗು. ಕಣ್ಣಿಗೆ ಕಾಣದಷ್ಟು ದೂರ ಹೋಗ್ಬ್ಯಾಡ. ಆಮ್ಯಾಕೆ ನಾನು ಬುಡಿಸ್ಕತೀನಿ. ಹಗ್ಗ ನಂದೇ!”

ಬೀದಿಯಲ್ಲಿ ಹೂವು ಮಾರುವ ಅಂಕಮ್ಮ ಬುಟ್ಟಿ ಇಳಿಸಿ ನಿಂತಳು. “ರಿಲೀಸು ಅಂದ್ರಲ್ಲ ಸಾಮಿ, ನಿಸರ್ಗ ಅಂದ್ರೆ ಹೀರೋಯಿನ್ನಾ?”

ರೇಣುಕಪ್ರಸಾದನಿಗೆ ಖುಷಿಯಾಯಿತು. “ಹೂಂ ಕಣಮ್ಮ, ಅವಳದೇ ಎಲ್ಲ.”

“ಹೆಂಗವಳೆ ನೋಡಾಕೆ?”

“ಬೆಳ್ಳಗೆ, ಸಣ್ಣಗೆ. ಮೈಮೇಲೆ ಒಂದು ಗ್ರಾಮೂ ಜಾಸ್ತಿ ಇಲ್ಲ.”

“ಬೆಂಗ್ಳೂರೋಳಾ?”

“ಎಲ್ಲೀ ಬೆಂಗ್ಳೂರು! ನಮ್ಮ ಅಟ್ಟದ ಮೇಲೇ ಬೆಳೆದೋಳು.”

ಅಂಕಮ್ಮ ಅಂದು ಎಷ್ಟು ಮೊಳ ಹೂವು ಮಾರಿದಳೋ, ಅಷ್ಟು ಮನೆಗೆ ಸುದ್ದಿ ಹಂಚಿದಳು. ರೇಣುಕಪ್ರಸಾದ ಗುಟ್ಟಾಗಿ ಸಿನಿಮಾ ತೆಗೆದಿದ್ದಾನೆ. ಖಳನಾಯಕ ಹೆಂಡತಿಯ ತಮ್ಮನೇ. ಭಾನುವಾರ ರಿಲೀಸು, ಹುಚ್ಚಣ್ಣನ ಹೊಲದಲ್ಲಿ, ಟಿಕೆಟ್ಟಿಲ್ಲ. ಸಿನಿಮಾವನ್ನು ಬೆಳಿಗ್ಗೆ ಹೊತ್ತು ಹೊಲದಲ್ಲಿ ಯಾಕೆ ಬಿಡುತ್ತಾರೆ ಎಂದು ಒಬ್ಬರಾದರೂ ಕೇಳಬೇಡವೇ? ಟಿಕೆಟ್ಟಿಲ್ಲ ಎಂದ ಮೇಲೆ ನಮ್ಮ ಜನ ಬೇರೇನನ್ನೂ ಕೇಳುವುದಿಲ್ಲ.

ಸುದ್ದಿಯ ಇನ್ನೊಂದು ಕೊನೆ ಪೊಲೀಸರ ಕಿವಿಗೆ ತಲುಪಿತು. ಶುಕ್ರವಾರ ಪೇದೆ ಸಣ್ಣತಿಮ್ಮಯ್ಯ ಬಾಗಿಲಲ್ಲಿ ನಿಂತ. ರೇಣುಕಪ್ರಸಾದ ಅಂಗಡಿಗೆ ಹೋಗಿದ್ದ. ಭಾನುಪ್ರಿಯಾ ಹೊರಗೆ ಬಂದಳು. ನಾನು ನಮ್ಮ ಜಗಲಿಯಲ್ಲಿ ಪೇಪರು ಓದುತ್ತಿದ್ದೆ, ಅಂದರೆ ಪೇಪರು ಹಿಡಿದುಕೊಂಡಿದ್ದೆ.

“ನಿಸರ್ಗ ಅನ್ನೋಳು ಈ ಮನೇಲವಳಾ?”

“ಅವಳೆ. ಅಟ್ಟದ ಮೇಲವಳೆ.”

“ಅಟ್ಟದ ಮೇಲೆ ಯಾಕಮ್ಮಾ ಕೂಡಾಕಿದೀರಿ?”

“ಇನ್ನೆಲ್ಲಿ ಇಡಾನ ಸಾರ್? ರೂಮಲ್ಲಿ ಹಿಡಿಸಾಕಿಲ್ಲ.”

ಸಣ್ಣತಿಮ್ಮಯ್ಯ ಟೋಪಿ ಸರಿಮಾಡಿಕೊಂಡ. “ಎಷ್ಟು ದಿನ ಆಯ್ತು?”

“ಎರಡು ವರ್ಷ. ಈ ಮನೇಲಿ ನಂಗಿಂತ ಅವಳಿಗೇ ಉಪಚಾರ ಜಾಸ್ತಿ. ಮೈ ಒರೆಸೋದೇನು, ಬೆಡ್‌ಶೀಟ್ ಹೊದಿಸೋದೇನು! ನಾನೊಂದು ಸಲ ಮುಟ್ಟಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ರು.”

“ನಿಮ್ಮ ತಮ್ಮ ಅವಳನ್ನ ಹಗ್ಗ ಕಟ್ಟಿ ಎಳ್ಕಂಡು ಹೋಗ್ತಾನಂತೆ?”

“ಹೂಂ, ಭಾನುವಾರ. ಹೋದ ಸಲಾನೂ ಎಳ್ಕಂಡು ಹೋಗಿದ್ದ, ಮರಕ್ಕೆ ನೇತಾಕ್ಬುಟ್ಟ.”

ಸಣ್ಣತಿಮ್ಮಯ್ಯ ಒಂದು ಹೆಜ್ಜೆ ಹಿಂದೆ ಸರಿದ. “ಈಗ... ಜೀವಂತವಾಗವಳಾ?”

“ಹೋಗಿ ನೀವೇ ನೋಡಿ ಸಾರ್. ರೆಕ್ಕೆ ಬಿಚ್ಚಿಟ್ಟವ್ರೆ.”

ಪೇದೆ ಏಣಿ ಹತ್ತಿದ. ಇಳಿದು ಬಂದು ಒಂದು ಲೋಟ ನೀರು ಕೇಳಿ ಕುಡಿದ. “ಭಾನುವಾರ ಬಂದೋಬಸ್ತಿಗೆ ನಾನೇ ಬತ್ತೀನಿ,” ಎಂದ. ಅದು ಕರ್ತವ್ಯವೋ ಕುತೂಹಲವೋ ಅವನಿಗೇ ಗೊತ್ತು.

ಶನಿವಾರ ಮಧ್ಯಾಹ್ನ ಉರಿಬಿಸಿಲಿನಲ್ಲಿ ತಾರಸಿಯ ಮೇಲೆ ಕೊಂಡಿಯ ಕೊನೆಯ ತಾಲೀಮು. ತಿಲಕ್ ಹೊಲಿಗೆ ಮೆಷಿನ್ನಿಗೆ ಹಾಕುವ ಎಣ್ಣೆಯ ಸಣ್ಣ ಡಬ್ಬಿ ತಂದಿದ್ದ. ರೇಣುಕಪ್ರಸಾದ ಅದನ್ನು ಮುಟ್ಟಲೂ ಇಲ್ಲ. “ತಿಪಟೂರಾಗೆ ಕುಂತ್ಕಂಡು ಡಬ್ಬಿ ಎಣ್ಣೆ ಹಾಕಾದಾ? ಊರ ಮರ್ಯಾದೆ ಏನಾಗ್ಬೇಕು?” ಎಂದು ಗಾಣದಿಂದ ತಂದ ಅಪ್ಪಟ ಕೊಬ್ಬರಿ ಎಣ್ಣೆಯನ್ನು ಕಡ್ಡಿಗೆ ಸುರಿದ. ಸ್ವಿಚ್ ಒತ್ತಿದ. ಚಿಟಕ್! ಕುಣಿಕೆ ಬಿತ್ತು. ಮತ್ತೆ ಒತ್ತಿದ. ಚಿಟಕ್! ಬೆಣ್ಣೆಯ ಹಾಗೆ ಜಾರುತ್ತಿತ್ತು. ಇನ್ನೊಂದಿಷ್ಟು ಎಣ್ಣೆ ಸುರಿದು ಬಟ್ಟೆ ಮುಚ್ಚಿ ಮಲಗಿಸಿದ.

ಭಾನುವಾರ ಬೆಳಿಗ್ಗೆ ಹುಚ್ಚಣ್ಣನ ಹೊಲದಲ್ಲಿ ಹಲ್ಲು ಕಟಕಟ ಎನ್ನುವ ಚಳಿ. ಮಂಜು ಇನ್ನೂ ತೋಟದ ಮೇಲೆ ಕೂತಿತ್ತು. ಆದರೂ ಜನವೋ ಜನ. ಅಂಕಮ್ಮ ಮಲ್ಲಿಗೆ ಮುಡಿದು ಬಂದಿದ್ದಳು. ಸಿದ್ದಗಂಗಮ್ಮನವರು ಶಾಲು ಹೊದ್ದು ಕುರ್ಚಿಯಲ್ಲಿ ಕೂತಿದ್ದರು. ಸದಾಶಿವಯ್ಯನವರು ಕಾರಿನಿಂದ ಇಳಿದರು, ಅವರ ಹಿಂದೆ ಮೈಕ್ ಸೆಟ್ ಇಳಿಯಿತು. ಎಲ್ಲಿಗೆ ಹೋದರೂ ಡಿಕ್ಕಿಯಲ್ಲಿ ಅದು ಇದ್ದೇ ಇರುತ್ತದೆ.

“ಬಿಡುಗಡೆ ನನ್ನ ಕೈಯಿಂದಲೇ ತಾನೇ?” ಎಂದು ಕೇಳಿದರು.

“ಇಲ್ಲ ಮಾವ, ಸ್ವಿಚ್ ನನ್ನ ಕೈಲೈತೆ. ನೀವು ನೋಡಿದ್ರೆ ಸಾಕು,” ಎಂದ ರೇಣುಕಪ್ರಸಾದ.

ಅಧ್ಯಕ್ಷರಿಗೆ ಬರೀ ನೋಡಿ ಅಭ್ಯಾಸವಿಲ್ಲ. ಹೊಲಕ್ಕೆ ಬೆನ್ನು ಹಾಕಿ, ಜನಕ್ಕೆ ಮುಖ ಮಾಡಿ, ಮೈಕು ಹಿಡಿದು ನಿಂತರು. “ಚಲನಚಿತ್ರವೆಂಬುದು ಸಮಾಜದ ಕನ್ನಡಿ...” ಎಂದು ಶುರುವಾಯಿತು. ಇತ್ತ ತಿಲಕನ ವಿಮಾನ ಗುರ್ರೆಂದು ಓಡಿ ಎದ್ದಿತು. ಹಿಂದೆಯೇ ಹಗ್ಗ ಬಿಗಿದು ನಿಸರ್ಗ ಬೆಳ್ಳಗೆ ಮೇಲೆದ್ದಳು.

ಎತ್ತರ ಸಾಕಾಯಿತು. “ಭಾವ, ರಿಲೀಸ್!” ಎಂದು ತಿಲಕ್ ಕೂಗಿದ.

ಜನ ಚಪ್ಪಾಳೆ ಹೊಡೆದರು. ಅಧ್ಯಕ್ಷರು ತಮಗೇ ಎಂದುಕೊಂಡು ಕೈಮುಗಿದು ಮುಂದುವರಿಸಿದರು.

ರೇಣುಕಪ್ರಸಾದ ಸ್ವಿಚ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಕುಟ್ಟಿದ. ನಿಸರ್ಗ ಹಗ್ಗ ಕಚ್ಚಿಕೊಂಡು ಹಿಂದೆ ಹಿಂದೆಯೇ ಹೋಗುತ್ತಿದ್ದಳು.

“ರಿಲೀಸ್ ಭಾವ, ರಿಲೀಸ್!”

ಮತ್ತೆ ಚಪ್ಪಾಳೆ. ಅಧ್ಯಕ್ಷರ ದನಿ ಒಂದು ಮೆಟ್ಟಿಲು ಏರಿತು.

“ಆಯ್ತಿಲ್ಲ ಕಣ್ಲಾ! ನಿನ್ನ ಕಡೆ ಬಿಚ್ಲಾ!”

“ನನ್ ಕಡೆ ಏನ್ ಬಿಚ್ಲಿ? ನೀನೇ ಗಂಟಾಕಿದೀಯಲ್ಲ! ಪೆಟ್ರೋಲ್ ಬ್ಯಾರೆ ಮುಗೀತೈತೆ!”

ಹಗ್ಗದ ಸಮೇತ ಇಳಿಸುವ ಹಾಗಿಲ್ಲ. ಮುಂದಿನದು ನಿಂತರೆ ಹಿಂದಿನದು ಬಂದು ಗುದ್ದುತ್ತದೆ. ರೇಣುಕಪ್ರಸಾದ ಆ ಚಳಿಯಲ್ಲೂ ಬೆವರುತ್ತಿದ್ದ. ಎರಡು ವರ್ಷದ ಕೆಲಸ ಇನ್ನೊಂದು ಗಳಿಗೆಯಲ್ಲಿ ಪುಡಿಯಾಗುವುದರಲ್ಲಿತ್ತು.

ಸಿದ್ದಗಂಗಮ್ಮ ಕುರ್ಚಿಯಿಂದ ಎದ್ದು ಬಂದರು. “ಏನಾಯ್ತ್ಲಾ?”

“ಕಡ್ಡಿ ಸಿಕ್ಕಾಕ್ಕಂಡೈತೆ ಅವ್ವ. ನೆನ್ನೆ ಅಷ್ಟು ಎಣ್ಣೆ ಹಾಕಿದ್ದೆ!”

“ಯಾವ ಎಣ್ಣೆ?”

“ನಮ್ದೇ, ಕೊಬ್ಬರಿ ಎಣ್ಣೆ.”

“ಅಯ್ಯೋ ನಿನ್ನ ಮನೆ ಕಾಯ್ವಾಗ! ಬೆಳಿಗ್ಗೆ ತಲೆಗೆ ಹಚ್ಕಳಾನ ಅಂತ ಬಾಟ್ಲಿ ಬಗ್ಗಿಸಿದ್ರೆ ತೊಟ್ಟು ಬೀಳ್ನಿಲ್ಲ. ಮೇಣ ಆಗಿ ಕುಂತಿತ್ತು. ಬಿಸ್ಲಿಗೆ ಇಟ್ಟು ಬಂದಿವ್ನಿ. ನಿನ್ನ ಹದ್ದಿನ ಬಾಯಾಗೂ ಅಂಗೇ ಹೆಪ್ಪುಗಟ್ಟೈತೆ ಕಣ್ಲಾ!”

ತೆಂಗಿನ ಸೀಮೆಯಲ್ಲಿ ಹುಟ್ಟಿ, ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಎಂಬುದನ್ನು ಮರೆತವನಿಗೆ ಏನು ಹೇಳುವುದು? ನನಗೂ ಹೊಳೆದಿರಲಿಲ್ಲವಲ್ಲ.

ಸಿದ್ದಗಂಗಮ್ಮ ಹುಬ್ಬಿಗೆ ಕೈ ಅಡ್ಡ ಹಿಡಿದು ತಾವೇ ನಿಂತರು. “ಲೇ ತಿಲಕ, ಮಂಜಿಂದ ಮ್ಯಾಕೆ ಎತ್ತು! ಮೂತಿ ಬಿಸ್ಲಿಗೆ ತಿರುಗ್ಸು! ನೀರೊಲೆ ಮುಂದೆ ಕುಂತಂಗೆ ಕಾಯ್ಲಿ!”

ತಿಲಕ್ ಮೂಡಣ ದಿಕ್ಕಿಗೆ ತಿರುಗಿಸಿ ಇನ್ನೂ ಎತ್ತರಕ್ಕೆ ಎಳೆದ. ತೆಂಗಿನ ತಲೆಗಳ ಮೇಲೆ ಬಿಸಿಲು ಆಗಲೇ ಚುರುಗುಡುತ್ತಿತ್ತು. ಒಂದು ಸುತ್ತಾಯಿತು, ಇನ್ನೊಂದಾಯಿತು. ಎಂಜಿನ್ ಕೆಮ್ಮತೊಡಗಿತು. ರೇಣುಕಪ್ರಸಾದನ ಹೆಬ್ಬೆರಳು ಸ್ವಿಚ್ಚಿನ ಮೇಲೇ ಇತ್ತು. ಇಷ್ಟರ ಮಧ್ಯೆ ಮೈಕಿನಲ್ಲಿ ಅಧ್ಯಕ್ಷರು, “ಇನ್ನು ಎರಡನೆಯ ಅಂಶಕ್ಕೆ ಬರುವುದಾದರೆ...” ಎಂದರು.

ಸಿದ್ದಗಂಗಮ್ಮನವರಿಗೆ ತಡೆಯಲಾಗಲಿಲ್ಲ. ಹಿಂದಕ್ಕೆ ತಿರುಗಿ ಕೂಗಿದರು: “ಅಣ್ಣಯ್ಯ, ಸಾಕು ಬುಡು!”

ಆ ದನಿಗೆ ಮೈಕೂ ಸಮನಲ್ಲ. ಅಧ್ಯಕ್ಷರು ಬಿಡಲಿಲ್ಲ. ಆದರೆ ಹುಟ್ಟಿದಾಗಿನಿಂದ ಆ ದನಿಗೆ ಹೆದರಿದ ರೇಣುಕಪ್ರಸಾದನ ಹೆಬ್ಬೆರಳು ತಾನಾಗಿ ಒತ್ತಿತು. ಮೇಲೆ ಕಡ್ಡಿ ಜಾರಿತು. ಹಗ್ಗ ಕಳಚಿತು.

ತಿಲಕನ ವಿಮಾನ ಕೆಮ್ಮುತ್ತಾ ಬಂದು ರಾಗಿ ಕೂಳೆಯ ಮೇಲೆ ಇಳಿಯಿತು. ನಿಸರ್ಗ ಮೇಲೆಯೇ ಉಳಿದಳು. ಸದ್ದಿಲ್ಲ, ಹೊಗೆಯಿಲ್ಲ. ರೆಕ್ಕೆ ಬಿಚ್ಚಿ ಅಟ್ಟದ ಮೇಲೆ ಮಲಗಿಸಿದ್ದವಳು ಇಷ್ಟು ಚೆಂದವೇ? ಜನವೆಲ್ಲ ಬಾಯಿಬಿಟ್ಟು ನೋಡಿದರು. “ಹೀರೋಯಿನ್ ಎಲ್ಲಿ?” ಎಂದು ಅಂಕಮ್ಮ ಪಿಸುಗುಟ್ಟಿದಾಗ ಸಣ್ಣತಿಮ್ಮಯ್ಯ ಬಲ್ಲವನ ಗತ್ತಿನಲ್ಲಿ, “ಅವಳೇ ಕಣಮ್ಮ, ಮ್ಯಾಕೆ ನೋಡು,” ಎಂದ. ರೇಣುಕಪ್ರಸಾದನ ಕೆನ್ನೆ ಒದ್ದೆಯಾಗಿತ್ತು. ಸಿದ್ದಗಂಗಮ್ಮನವರು ಕತ್ತು ನೋಯುವವರೆಗೂ ನೋಡಿ, ಅವಳು ಮೆಲ್ಲಗೆ ಬಂದು ಕೂಳೆಯ ಮೇಲೆ ಕೂತ ಮೇಲೆ ಮೂಗು ಒ‍ರೆಸಿಕೊಂಡರು.

ಇನ್ನು ತೀರ್ಪು. ರೇಣುಕಪ್ರಸಾದ ಓಡಿ ಹೋಗಿ ಸದಾಶಿವಯ್ಯನವರ ಮುಂದೆ ನಿಂತ. “ಹೆಂಗಿತ್ತು ಮಾವ?”

“ಏನು ಹೆಂಗಿತ್ತು? ನಾನು ಈ ಕಡೆ ತಿರುಗಿ ಮಾತಾಡ್ತಿದ್ನಲ್ಲಪ್ಪ. ಇನ್ನೊಂದ್ಸಲ ಬಿಡುಗಡೆ ಮಾಡು. ಅಷ್ಟರಲ್ಲಿ ಎರಡನೇ ಅಂಶ ಮುಗಿಸ್ತೀನಿ.”

ಪೆಟ್ರೋಲೂ ಮುಗಿದಿತ್ತು, ಜನರ ತಾಳ್ಮೆಯೂ ಮುಗಿದಿತ್ತು. ರೇಣುಕಪ್ರಸಾದ ಅಳುಮೋರೆಯಲ್ಲಿ ತಾಯಿಯ ಕಡೆ ತಿರುಗಿದ. “ಅವ್ವಾ... ಅಟ್ಟ?”

ಸಿದ್ದಗಂಗಮ್ಮ ಶಾಲು ಕೊಡವಿಕೊಂಡು ಹೊರಟರು. “ಬುಡು,” ಎಂದರು.

ಬುಡು! ಅಟ್ಟ ಖಾಲಿಮಾಡು ಎಂದೋ, ಆ ಮಾತು ಮರೆತುಬಿಡು, ಇಟ್ಕೋ ಎಂದೋ? ದಾರಿಯುದ್ದಕ್ಕೂ ಅವನು ಅದನ್ನೇ ಕೇಳಿದ. ಭಾನುಪ್ರಿಯಾ ಖಾಲಿಮಾಡು ಎಂದಳು. ತಿಲಕ್ ಇಟ್ಕೋ ಎಂದ. ನಾನು, ರೈಟ್ ಎಂಬ ಪದವನ್ನು ಒಪ್ಪಿಕೊಂಡಿದ್ದರೆ ಇದೆಲ್ಲ ಇರುತ್ತಿರಲಿಲ್ಲ ಎಂದೆ. “ಬುಡು ಅಂದ್ರೆ ಏನವ್ವಾ?” ಎಂದು ತಾಯಿಯನ್ನೇ ಕೇಳಿದ್ದಕ್ಕೆ, “ಬುಡು ಅಂದ್ರೆ ಬುಡು ಕಣ್ಲಾ,” ಎಂದು ಉತ್ತರ ಬಂತು.

ಸೋಮವಾರ ಅವನು ಅಂಗಡಿಯಿಂದ ಬರುವಾಗ ಮನೆ ಮುಂದೆ ಖಾಲಿ ಟ್ರಾಕ್ಟರು ನಿಂತಿತ್ತು. ಎದೆ ಧಸಕ್ಕೆಂದು ಒಳಗೆ ಓಡಿದ. ನಾನೂ ಹಿಂದೆಯೇ ಹೋದೆ. ಅಟ್ಟದ ತುಂಬ ಕಾಯಿ. ಅವನು ನೇರ ಹಿತ್ತಲಿನ ನೀರೊಲೆಗೆ ಓಡಿದ. ಒಲೆಯಲ್ಲಿ ಬರೀ ಮಟ್ಟೆ ಉರಿಯುತ್ತಿತ್ತು.

“ಅಲ್ಲೇನ್ ಹುಡುಕ್ತೀಯ? ಮ್ಯಾಕೆ ನೋಡು,” ಎಂದರು ಸಿದ್ದಗಂಗಮ್ಮ.

ಅಟ್ಟದಲ್ಲಿ, ಕಾಯಿ ರಾಶಿಯ ಮೇಲುಗಡೆ, ಸೂರಿನ ಜಂತೆಗೆ ಮೂರು ಕಡೆ ಅವನ ಅಂಗಡಿಯದೇ ಹಗ್ಗ ಬಿಗಿದು ನಿಸರ್ಗಳನ್ನು ತೂಗುಹಾಕಿದ್ದರು. ಬೆಡ್‌ಶೀಟ್ ಕೂಡ ಹೊದಿಸಿದ್ದರು. “ಇರ್ಲಿ ಬುಡು ಅಂದ್ನಲ್ಲ. ಚೆಂದಾಗಿ ಹಾರ್ತಾಳೆ ಮೂದೇವಿ.”

ರೇಣುಕಪ್ರಸಾದನ ಸಂತೋಷ ಹೇಳತೀರದು. ಅವ್ವನ ಕಾಲು ಮುಟ್ಟಿ, ಏಣಿಯ ಮೆಟ್ಟಿಲು ಒಂದನ್ನು ಬಿಟ್ಟು ಒಂದು ಹತ್ತಿದ.

“ಲೇ, ಇಳಿ! ಕಾಯಿ ಹಾಕಿದ ಅಟ್ಟದ ಮ್ಯಾಲೆ ಕಾಲಿಡ್ತಾರೇನ್ಲಾ? ಕೊಬ್ಬರಿ ಚಿಪ್ಪು ಬುಡೋಗಂಟ ಯಾರೂ ಹೋಗಂಗಿಲ್ಲ!”

ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪಿನಿಂದ ತಾನಾಗಿ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗುಡುಗುಡು ಎನ್ನಬೇಕು. ಅದಕ್ಕೆ ಮುಂದಿನ ಚಳಿಗಾಲ ಬರಬೇಕು. ಆ ಯಂತ್ರಕ್ಕೆ ಸ್ವಿಚ್ಚಿಲ್ಲ.

ಈಗ ಅವನು ದಿನಾ ಸಂಜೆ ಏಣಿಯ ತುದಿಯಲ್ಲಿ ನಿಂತು, ಕೈಗೆಟಕುವ ಕಾಯಿಯೊಂದನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸುತ್ತಾನೆ. ಸೂರಿನಲ್ಲಿ ನಿಸರ್ಗ ತೂಗುತ್ತಿರುತ್ತಾಳೆ. ಮೊನ್ನೆ ನಾನು ಏಣಿ ಹಿಡಿದುಕೊಂಡು ನಿಂತಿದ್ದೆ. ಮೇಲಿನಿಂದ ಮೆಲ್ಲಗೆ ಕೇಳಿಸಿತು, ಕಾಯಿಯನ್ನು ಅಂಗಲಾಚುತ್ತಿದ್ದ: “ಬುಡು ಕಣಪ್ಪ, ಬುಡು...”

ಒಳಗಿನಿಂದ ಬಂದ ಸಿದ್ದಗಂಗಮ್ಮ ನೋಡಿ ಗದರಿದರು: “ಲೇ, ಬುಡ್ಲಾ ಅದ್ನ!”

ಜನ್ಮದಲ್ಲಿ ಮೊದಲ ಸಲ ಅವನಿಗೆ ಆ ಪದ ತಕ್ಷಣ ಅರ್ಥವಾಯಿತು. ಕೈಬಿಟ್ಟ. ಕಾಯಿ ನೇರವಾಗಿ ನನ್ನ ಕಾಲಿನ ಮೇಲೆ ಬಿತ್ತು.